ಮಳೆ ರಜೆಯಲ್ಲಿ ಎಣಿಸಿದ ಬಸ್ಸು

ಸರ್ಕಾರದ ಕೈಯಲ್ಲಿ ದುಡ್ಡಿಲ್ಲದ ವರ್ಷ ಅದರ ಬಾಯಲ್ಲಿ ಗಾದೆಗಳು ಹೆಚ್ಚುತ್ತವೆ. ಮೂಡಿಗೆರೆಯ ಒಂದು ಕಾಲೇಜಿನಲ್ಲಿ ಇಷ್ಟು ವರ್ಷ ಅರ್ಥಶಾಸ್ತ್ರ ಪಾಠ ಮಾಡಿ ನಾನು ಸ್ವಂತವಾಗಿ ಕಂಡುಕೊಂಡ ಸಿದ್ಧಾಂತ ಇದೊಂದೇ. ಕೊರೊನಾ ಜನರನ್ನು ಬಿಟ್ಟು ಹೋದರೂ ರಾಜ್ಯದ ಬೊಕ್ಕಸಕ್ಕೆ ಹತ್ತಿದ ಜ್ವರ ಇಳಿದಿರಲಿಲ್ಲ. ತೆರಿಗೆ ಬರುತ್ತಿಲ್ಲ, ಖರ್ಚು ನಿಲ್ಲುತ್ತಿಲ್ಲ, ಬಜೆಟ್ಟನ್ನು ಹೇಗಾದರೂ ಸರಿದೂಗಿಸಬೇಕು. ಬೆಂಗಳೂರಿನಲ್ಲಿ ಕೂತವರಿಂದ ಹಿಡಿದು ನಮ್ಮ ತಾಲ್ಲೂಕಿನ ಗುಮಾಸ್ತರವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಹೇಳುವವರ ಕಾಲು ಎಲ್ಲಿದೆ ಎಂದು ನೋಡಿದರೆ ಅದು ಯಾವಾಗಲೂ ಇನ್ನೊಬ್ಬರ ಹಾಸಿಗೆಯ ಮೇಲೆ ಇರುತ್ತಿತ್ತು.

ನಾನಿರುವುದು ಜಾವಳಿಯಲ್ಲಿ. ಅಲ್ಲಿಂದ ಮೂಡಿಗೆರೆಗೆ ಬೆಳಿಗ್ಗೆ ಒಂದು ಸರ್ಕಾರಿ ಬಸ್ಸಿತ್ತು, ಅದೇ ಸಂಜೆ ಬೆಳಕಿರುವಾಗಲೇ ನಮ್ಮನ್ನು ವಾಪಸ್ ತಂದು ಬಿಡುತ್ತಿತ್ತು. ಅದನ್ನು ಬಸ್ಸು ಎಂದು ಕರೆಯುವುದು ನಮ್ಮ ದೊಡ್ಡತನ. ಕಿಟಕಿ ಇಳಿಸಿದರೆ ಏರುತ್ತಿರಲಿಲ್ಲ, ಏರಿಸಿದರೆ ಇಳಿಯುತ್ತಿರಲಿಲ್ಲ. ಆದರೂ ಕಾಲೇಜು ಮಕ್ಕಳು, ಆಸ್ಪತ್ರೆಗೆ ಹೋಗುವ ಬಸುರಿಯರು, ಅಂಗನವಾಡಿ ಟೀಚರು, ನಾನು, ಎಲ್ಲ ಅದರಲ್ಲೇ ಓಡಾಡುತ್ತಿದ್ದೆವು. ಕಾಲೇಜಿರುವ ದಿನ ಅದರಲ್ಲಿ ಒಂದು ಕಾಲೂರಲು ಜಾಗ ಸಿಕ್ಕರೆ ಪುಣ್ಯ.

ಆ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಕೊನೆಯ ವರ್ಷದ ಬಿ.ಎ.ಯಲ್ಲಿ ನನ್ನ ವಿದ್ಯಾರ್ಥಿನಿ. ಹತ್ತಿರದ ದೊಡ್ಡ ಎಸ್ಟೇಟೊಂದರಲ್ಲಿ ಕೂಲಿಗಳಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆಯವಳು. ತಾಯಿ ಅದೇ ತೋಟದಲ್ಲಿ ಕೂಲಿ, ತಂದೆ ತೀರಿಕೊಂಡು ಬಹಳ ಕಾಲವಾಗಿತ್ತು. ಹುಡುಗಿ ಮಹಾ ಬುದ್ಧಿವಂತೆಯೇನಲ್ಲ. ತರಗತಿಯಲ್ಲಿ ಡೆಸ್ಕಿನ ಕೆಳಗೆ ಉಪ್ಪುಖಾರ ಹಚ್ಚಿದ ನೆಲ್ಲಿಕಾಯಿ ತಿನ್ನುತ್ತಿದ್ದಳು. ನಾನು ಎಂಥ ಘನವಾದ ವಿಷಯ ಹೇಳಲಿ, ಕೊನೆಯಲ್ಲಿ ಕೈಯೆತ್ತಿ, "ಮೇಡಂ, ಇದು ಪರೀಕ್ಷೆಗೆ ಬರುತ್ತಾ?" ಎಂದು ಕೇಳುತ್ತಿದ್ದಳು. ಇಷ್ಟು ಪ್ರಾಮಾಣಿಕವಾದ ಪ್ರಶ್ನೆಯನ್ನು ನಾನು ಯಾವ ವಿಚಾರ ಸಂಕಿರಣದಲ್ಲೂ ಕೇಳಿಲ್ಲ. ಪಿಯುಸಿ ಆದ ಮೇಲೆ ಮದುವೆ ಮಾಡುವ ಮಾತೆದ್ದಾಗ ತಾಯಿ ಅದನ್ನು ಮುಂದಕ್ಕೆ ಹಾಕಿದ್ದು ಒಂದೇ ಷರತ್ತಿನ ಮೇಲೆ: ಸಂಜೆ ಬೆಳಕಿರುವಾಗ ಮನೆ ಸೇರುವುದಾದರೆ ಓದಲಿ. ಅಂದರೆ ಬಸ್ಸಿರುವ ತನಕ ಓದು. ಅವಳ ಡಿಗ್ರಿ ನಿಂತಿದ್ದು ಆ ಸವೆದ ನಾಲ್ಕು ಚಕ್ರಗಳ ಮೇಲೆ.

ಆ ಮಳೆಗಾಲದಲ್ಲಿ ಒಂದು ವಾರ ಮಳೆ ಹುಚ್ಚು ಹಿಡಿದಂತೆ ಸುರಿಯಿತು. ನಮ್ಮ ಕಡೆ ಹಾಗೆ ಹೊಯ್ದರೆ ಜಿಲ್ಲಾಧಿಕಾರಿಗಳು ಶಾಲೆ ಕಾಲೇಜುಗಳಿಗೆ ರಜೆ ಕೊಡುತ್ತಾರೆ. ಹಳ್ಳ ದಾಟುವಾಗ ಮಕ್ಕಳು ಕೊಚ್ಚಿಹೋಗಬಾರದು ಎಂಬ ಕಾಳಜಿ, ಅದು ಸರಿಯಾದದ್ದೇ. ರಜೆ ಮಕ್ಕಳಿಗೆ ಮಾತ್ರ. ಮೇಷ್ಟರುಗಳು ಕೊಚ್ಚಿಹೋದರೆ ಅಡ್ಡಿಯಿಲ್ಲ, ನಾವು ಬಂದು ಸಹಿ ಹಾಕಬೇಕು. ಹೀಗೆ ರಜೆಯ ಮೊದಲ ದಿನ ನಾನು ಬಸ್ಸು ಹತ್ತಿದಾಗ ಒಳಗೆ ನಾನು, ಅಂಗನವಾಡಿ ಟೀಚರು, ಮೂಟೆಯೊಂದನ್ನು ಅಪ್ಪಿಕೊಂಡ ಮುದುಕ, ಇಷ್ಟೇ ಜನ. ಮುಂದಿನ ಸ್ಟಾಪಿನಲ್ಲಿ ರೇನ್‌ಕೋಟು ತೊಟ್ಟ ಒಬ್ಬ ಮನುಷ್ಯ ಹತ್ತಿದ. ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು, ನಮ್ಮ ತಲೆಗಳನ್ನು ಪೆನ್ನಿನ ತುದಿಯಿಂದ ಒಂದೊಂದಾಗಿ ತೋರಿಸಿ ಎಣಿಸಿದ. ಮುದುಕನ ಮೂಟೆಯನ್ನೂ ಒಮ್ಮೆ ಅನುಮಾನದಿಂದ ನೋಡಿದ.

"ಎಂತ ಎಣಿಸ್ತಾ ಇದೀರಿ?" ಎಂದು ಕೇಳಿದೆ.

"ಜನ ಮೇಡಂ. ಖರ್ಚು ಕಡಿಮೆ ಮಾಡ್ಬೇಕಂತೆ. ನಷ್ಟದ ರೂಟ್ ಯಾವ್ದು ಅಂತ ಎಲ್ಲಾ ಕಡೆ ಸಮೀಕ್ಷೆ. ಮೇಲಿನಿಂದ ಆರ್ಡರ್."

"ಇವತ್ತು ಮಳೆ ರಜೆ ಅಲ್ವಾ? ಮಕ್ಕಳು ಮನೇಲಿದಾವೆ. ಕಾಲೇಜು ಇರೋ ದಿನ ಬಂದು ನೋಡಿ, ನಿಮಗೆ ನಿಲ್ಲೋಕೆ ಜಾಗ ಸಿಕ್ಕಿದ್ರೆ ಹೇಳಿ."

ಆತ ಸ್ವಲ್ಪವೂ ಬೇಸರಿಸದೆ ಹೇಳಿದ: "ನಂಗೆ ಜನ ಎಣಿಸೋಕೆ ಹೇಳಿದಾರೆ ಮೇಡಂ. ರಜೆ ಯಾವತ್ತು ಅಂತ ಕೇಳೋಕೆ ಹೇಳಿಲ್ಲ."

ಡ್ರೈವರ್ ತಿರುಗಿ ನೋಡಿ, "ಬಾ ಮಾರಾಯ, ಕಾಗದ ಒದ್ದೆಯಾಗಿದೆ, ಇಂಜಿನ್ ಮೇಲೆ ಒಣಗಿಸ್ಕೋ" ಎಂದ. ಆತ ನಿಜವಾಗಿಯೂ ಒಣಗಿಸಿಕೊಂಡ. ಮರುದಿನವೂ ರಜೆ, ಮರುದಿನವೂ ಆತ ಹಾಜರು. ಆ ವಾರವಿಡೀ ಹೀಗೇ ನಡೆಯಿತು. ಮಳೆ ನಿಂತು ಕಾಲೇಜು ತೆರೆದ ದಿನ ಮಕ್ಕಳೆಲ್ಲ ಬಾಗಿಲಲ್ಲಿ ಜೋತಾಡುತ್ತ ಬಂದರು, ಆತ ಮಾತ್ರ ಬರಲಿಲ್ಲ. ಸಮೀಕ್ಷೆ ಮುಗಿದಿತ್ತು. ಸರ್ಕಾರದ ಒಂದು ಕೈ ಮಕ್ಕಳನ್ನು ಮನೆಯಲ್ಲಿ ಕೂರಿಸಿತು, ಇನ್ನೊಂದು ಕೈ ಬಸ್ಸು ಖಾಲಿ ಎಂದು ಬರೆದುಕೊಂಡಿತು. ನಾನು ಆಗ ನಕ್ಕುಬಿಟ್ಟೆ. ಇಂಥ ಕಾಗದವನ್ನು ಯಾರಾದರೂ ನಂಬುತ್ತಾರೆಯೇ ಎಂದುಕೊಂಡೆ.

ನಂಬಿದರು. ಅರೇಬಿಕಾ ಕಾಫಿ ಹಣ್ಣಾಗುವ ಹೊತ್ತಿಗೆ ಚಿಕ್ಕಮಗಳೂರಿನಲ್ಲಿ ಒಂದು ಸಭೆ ಕರೆದರು. ಮಿತವ್ಯಯದ ಪರಿಶೀಲನೆ, ಜೊತೆಗೆ ಮುಂದಿನ ಬಜೆಟ್ಟಿಗೆ ಸಾರ್ವಜನಿಕರ ಸಲಹೆ. ನಮ್ಮ ಪ್ರಾಂಶುಪಾಲರಿಗೆ ಸಭೆಗಳೆಂದರೆ ಜ್ವರ ಬರುತ್ತದೆ, ಆದ್ದರಿಂದ ಅರ್ಥಶಾಸ್ತ್ರದವಳು ಎಂಬ ನೆಪದಲ್ಲಿ ನನ್ನನ್ನು ಕಳಿಸಿದರು. ಹೋದೆ. ನಿಲ್ಲಿಸುವ ರೂಟುಗಳ ಪೈಕಿ ಜಾವಳಿಯೂ ಇದೆ ಎಂಬ ಸುದ್ದಿ ಆಗಲೇ ಕಿವಿಗೆ ಬಿದ್ದಿತ್ತು.

ಆ ಸಭೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಹೂವಿನ ಹಾರಕ್ಕೆ ದುಡ್ಡು ಹಾಳು ಮಾಡಬಾರದೆಂದು ಸುತ್ತೋಲೆ ಬಂದಿತ್ತಂತೆ. ಅದಕ್ಕೆ ನಮ್ಮವರು ಬೆಂಗಳೂರಿನಿಂದ ಬಂದ ಹಿರಿಯ ಅಧಿಕಾರಿಗೆ ಏಲಕ್ಕಿ ಹಾರ ಹಾಕಿದರು. ಸುತ್ತೋಲೆಯಲ್ಲಿ ಹೂವು ಎಂದಿತ್ತೇ ಹೊರತು ಏಲಕ್ಕಿ ಎಂದಿರಲಿಲ್ಲ. ವೇದಿಕೆಯ ಮೇಲಿದ್ದವರಿಗೆ ಗೋಡಂಬಿ, ಕೆಳಗಿದ್ದವರಿಗೆ ಬಿಸ್ಕತ್ತು. ಸುತ್ತಲೂ ಕಣ್ಣು ಹಾಯಿಸಿದಷ್ಟು ದೂರ ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಪೊಟ್ಟಣ ಹರಿದು ಬಿಸಿನೀರಿಗೆ ಕದಡಿದ ಪುಡಿಯನ್ನು ಕಾಫಿ ಎಂದು ಕೊಟ್ಟರು. ಅದನ್ನು ಪ್ಲಾಂಟರುಗಳೂ ಚಪ್ಪರಿಸಿ ಕುಡಿದರು. ಅಧಿಕಾರಿ ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿ, ಆದಾಯ ಹೇಗೆ ಇಳಿದಿದೆ, ವೆಚ್ಚ ಹೇಗೆ ಏರಿದೆ ಎಂದು ವಿವರಿಸಿ, ಕೊನೆಗೆ ಹಾಸಿಗೆ ಮತ್ತು ಕಾಲಿನ ಗಾದೆಗೆ ಬಂದು ನಿಂತರು. ಚಪ್ಪಾಳೆ ಬಿತ್ತು.

ಆಮೇಲೆ ಸಲಹೆಗಳು. ಮೊದಲು ಎದ್ದವರು ನಮ್ಮ ಕಡೆಯ ದೊಡ್ಡ ಪ್ಲಾಂಟರು. ಹುಡುಗಿಯ ತಾಯಿ ಕೆಲಸ ಮಾಡುವುದು ಇವರ ಎಸ್ಟೇಟಿನಲ್ಲೇ. ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ ಬೇಕು, ಸಾಲದ ಬಡ್ಡಿ ಬಿಡಬೇಕು, ಮಳೆ ಹಾನಿಗೆ ಪರಿಹಾರ ಬೇಕು ಎಂದು ಕೇಳಿ, ಅದೇ ಉಸಿರಿನಲ್ಲಿ ಸರ್ಕಾರ ದುಂದುವೆಚ್ಚ ನಿಲ್ಲಿಸಬೇಕು ಎಂದರು. "ಕಾಫಿ ರೇಟ್ ಬಿದ್ದ ವರ್ಷ ನಾವು ಎಂತ ಮಾಡ್ತೀವಿ ಸರ್? ಮರಗಸಿ ನಿಲ್ಲಿಸ್ತೀವಿ. ಗವರ್ಮೆಂಟೂ ಹಂಗೇ ಮಾಡ್ಬೇಕು." ಮರಗಸಿ ಎಂದರೆ ತೋಟದ ನೆರಳು ಮರಗಳ ಕೊಂಬೆ ತರಿದು ಗಿಡಕ್ಕೆ ಬಿಸಿಲು ಬಿಡಿಸುವ ಕೆಲಸ. ಅಧಿಕಾರಿ ಈ ಉಪಮೆಯನ್ನು ಮೆಚ್ಚಿ ಬರೆದುಕೊಂಡರು. ಮರಗಸಿ ನಿಲ್ಲಿಸಿದ ತೋಟಕ್ಕೆ ಮರುವರ್ಷ ಏನಾಗುತ್ತದೆ ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಕತ್ತಲು ಕವಿದು ಕೊಳೆರೋಗ ಬಂದು ಕಾಯೆಲ್ಲ ಉದುರಿದ್ದನ್ನು ನಾನೇ ಆ ಎಸ್ಟೇಟಿನ ಬೇಲಿಯಾಚೆಯಿಂದ ನೋಡಿದ್ದೇನೆ. ಅದಕ್ಕೂ ಪರಿಹಾರ ಕೇಳಿದ್ದರು.

ನನ್ನ ಸರದಿ ಬಂದಾಗ ಎದ್ದು ನಿಂತು ಬಸ್ಸಿನ ವಿಷಯ ಹೇಳಿದೆ. ಸಮೀಕ್ಷೆ ಮಾಡಿದ ವಾರವಿಡೀ ಮಳೆ ರಜೆ ಇತ್ತು, ರಜೆ ಕೊಟ್ಟಿದ್ದು ಈ ಜಿಲ್ಲೆಯ ಆಡಳಿತವೇ, ಎಣಿಸುವಾಗ ನಾನೇ ಆ ಬಸ್ಸಿನಲ್ಲಿದ್ದೆ, ಬಸ್ಸು ನಿಂತರೆ ಹೆಣ್ಣುಮಕ್ಕಳ ಓದು ನಿಲ್ಲುತ್ತದೆ ಎಂದೆ. ಅಧಿಕಾರಿ ಪಕ್ಕದಲ್ಲಿದ್ದ ಸಾರಿಗೆ ಇಲಾಖೆಯವರತ್ತ ನೋಡಿದರು. ಅವರು ಎದ್ದು ನಿಂತು, "ಸರ್, ನಮ್ಮ ಸಮೀಕ್ಷೆ ಒಂದು ದಿನವೂ ತಪ್ಪಿಲ್ಲ. ಅಂಥ ಮಳೆಯಲ್ಲೂ ನಮ್ಮ ಸಿಬ್ಬಂದಿ ಹೋಗಿ ಎಣಿಸಿದ್ದಾರೆ" ಎಂದರು. ಅಧಿಕಾರಿಯ ಮುಖ ಅರಳಿತು. "ಇದು ನೋಡಿ ಡೆಡಿಕೇಶನ್!" ಎಂದರು. ಮತ್ತೆ ಚಪ್ಪಾಳೆ. ನಾನು ಇನ್ನೂ ನಿಂತೇ ಇದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನಾದರೂ ಇರುತ್ತದೆ, ಇವರು ಚಪ್ಪಾಳೆ ತಟ್ಟಿದರು. ಕೂರುವ ಮೊದಲು, "ಹಾಗಾದರೆ ಮಳೆಯಿಲ್ಲದ ದಿನ ಒಮ್ಮೆ ಎಣಿಸಿ" ಎಂದು ಜೋರಾಗಿಯೇ ಹೇಳಿದೆ. "ಒಳ್ಳೆ ಪಾಯಿಂಟ್. ನೋಟ್ ಮಾಡ್ಕೊಳ್ಳಿ" ಎಂದರು ಅಧಿಕಾರಿ.

ಹೊರಗೆ ಬಂದಾಗ ಪ್ಲಾಂಟರು ನನ್ನ ಬಳಿ ಬಂದು ಬಹಳ ಮೃದುವಾಗಿ ಮಾತಾಡಿದರು. ನಮ್ಮ ಕಡೆಯ ದೊಡ್ಡವರು ಒರಟಾಗಿ ಮಾತಾಡುವುದು ಕಡಿಮೆ.

"ಮೇಡಂ, ನೀವು ಯಾಕೆ ಇದಕ್ಕೆಲ್ಲ ತಲೆ ಕೆಡಿಸ್ಕೊಳ್ಳದು? ಪಿಕಿಂಗ್‌ಗೆ ಆಳೇ ಸಿಗ್ತಿಲ್ಲ. ಲೈನಿನ ಮಕ್ಕಳೆಲ್ಲ ಕಾಲೇಜು ಅಂತ ಹೊರಟ್ರೆ ಹಣ್ಣು ಕೊಯ್ಯೋರು ಯಾರು ಹೇಳಿ?"

"ನಿಮ್ಮ ಮಕ್ಕಳು ಎಲ್ಲಿದಾರೆ ಈಗ?" ಎಂದು ಕೇಳಿದೆ.

"ದೊಡ್ಡವನು ಮಂಗ್ಳೂರಲ್ಲಿ ಓದ್ತಾ ಇದಾನೆ, ಚಿಕ್ಕವಳು ಮೈಸೂರಲ್ಲಿ" ಎಂದರು ಸಂತೋಷದಿಂದ. ಪ್ರಶ್ನೆ ಯಾಕೆ ಬಂತೆಂದು ಅವರಿಗೆ ಹೊಳೆಯಲೇ ಇಲ್ಲ.

ಪಿಕಿಂಗ್ ಶುರುವಾದ ವಾರದಲ್ಲೇ ಬಸ್ಸು ನಿಂತಿತು. ನಾನು ಗಂಡನ ಬೈಕಿನ ಹಿಂದೆ ಕೂತು ಓಡಾಡತೊಡಗಿದೆ. ಸಂಬಳ ಬರುವವರಿಗೆ ದಾರಿ ಹೇಗೋ ಹುಟ್ಟುತ್ತದೆ. ಬಾಡಿಗೆ ಜೀಪೊಂದಿತ್ತು, ಅದು ಬೆಳಿಗ್ಗೆ ಆಳುಗಳನ್ನು ತೋಟಗಳಿಗೆ ಇಳಿಸಿ ಬರುವಷ್ಟರಲ್ಲಿ ಮೊದಲ ಎರಡು ಪೀರಿಯಡ್ ಮುಗಿದಿರುತ್ತಿತ್ತು, ಸಂಜೆ ಕತ್ತಲಾದ ಮೇಲೆ ಹೊರಡುತ್ತಿತ್ತು. ಕೆಲವು ಹುಡುಗರು ಅದರ ಹಿಂದೆ ನೇತಾಡಿಕೊಂಡು ಬಂದರು. ಹುಡುಗಿಯರು ಬರಲಿಲ್ಲ.

ಒಂದು ಭಾನುವಾರ ಲೈನ್ ಮನೆಗೆ ಹೋದೆ. ಹುಡುಗಿ ಒಳಗಿದ್ದಳು, ಹೊರಗೆ ಬರಲಿಲ್ಲ. ತಾಯಿ ಕುರ್ಚಿ ಒರೆಸಿ ಕೂರಿಸಿ, ಕಾಫಿ ಕೊಟ್ಟಳು. ಜಿಲ್ಲೆಯ ಸಭೆಯಲ್ಲಿ ಸಿಗದ ಕಾಫಿ ಅಲ್ಲಿ ಸಿಕ್ಕಿತು. ಪರೀಕ್ಷೆಗೆ ಕೆಲವೇ ತಿಂಗಳಿದೆ, ಹೇಗಾದರೂ ಕಳಿಸು ಎಂದೆ.

"ಓದಿಸಬಾರ್ದು ಅಂತ ಇಲ್ಲ ಮೇಡಂ. ಜೀಪು ಕ್ರಾಸಲ್ಲಿ ಇಳಿಸಿ ಹೋಗ್ತದೆ. ಅಲ್ಲಿಂದ ಇಲ್ಲಿಗೆ ಕತ್ತಲೇಲಿ ನಡೀಬೇಕು. ಮೊನ್ನೆ ಆನೆ ಅಲ್ಲೇ ನಿಂತಿತ್ತಂತೆ. ನಿಮ್ಮ ಮಗಳಾಗಿದ್ರೆ ನೀವು ಬಿಡ್ತಿದ್ರಾ?"

ಬಿಡುತ್ತಿರಲಿಲ್ಲ. ಹಾಗೆಂದು ಹೇಳಿ ಎದ್ದು ಬಂದೆ. ದಾರಿಯುದ್ದಕ್ಕೂ ಸಿಟ್ಟು ಬರುತ್ತಿತ್ತು, ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದೆ ಗಂಡ ಬೈಕು ನಿಧಾನ ಓಡಿಸುತ್ತಾನೆಂದು ಬೈದೆ. ಆ ತಿಂಗಳಿಂದ ನನ್ನ ಪೀರಿಯಡ್‌ಗಳಲ್ಲಿ ಆ ಹುಡುಗಿಗೆ ನಾನೇ ಹಾಜರಿ ಹಾಕಿದೆ. ತುಂಬಿದ ಬಸ್ಸನ್ನು ಖಾಲಿ ಎಂದು ಬರೆಯುವ ರಾಜ್ಯದಲ್ಲಿ ಖಾಲಿ ಬೆಂಚನ್ನು ತುಂಬಿದೆ ಎಂದು ಬರೆದರೆ ಯಾವ ಪಾಪವೂ ಬರುವುದಿಲ್ಲ. ಉಳಿದ ವಿಷಯಗಳ ಮೇಷ್ಟರುಗಳು ಮಾತ್ರ ಸತ್ಯಹರಿಶ್ಚಂದ್ರನ ತುಂಡುಗಳು. ಅವರು ಹಾಕಲಿಲ್ಲ.

ಜನವರಿಯಲ್ಲಿ ಒಂದು ಬೆಳಿಗ್ಗೆ ಗಂಡ ಬೈಕಿಗೆ ಗಾಳಿ ತುಂಬಿಸುತ್ತಿದ್ದಾಗ ನಾನು ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತಿದ್ದೆ. ಅದೇ ಎಣಿಸುವ ಮನುಷ್ಯ ಬಂದ. ಈ ಸಲ ರೇನ್‌ಕೋಟಿರಲಿಲ್ಲ, ಸ್ವೆಟರಿತ್ತು. ರಟ್ಟು ಅದೇ.

"ಈಗ ಎಂತ ಎಣಿಸ್ತೀರಿ? ಬಸ್ಸೇ ಇಲ್ವಲ್ಲ?"

"ಬಸ್ಸಿಗೆ ಕಾಯೋರನ್ನ ಮೇಡಂ. ನೀವು ಮೀಟಿಂಗಲ್ಲಿ ಕೇಳಿದ್ರಂತಲ್ಲ, ಅದಕ್ಕೇ ಮರುಸಮೀಕ್ಷೆ. ಮಳೆಯಿಲ್ಲದ ದಿನವೇ ಬಂದಿದೀನಿ ನೋಡಿ."

"ಇಲ್ಲದ ಬಸ್ಸಿಗೆ ಯಾವ ಹುಚ್ಚರು ಬಂದು ಕಾಯ್ತಾರೆ?"

ಆತ ರಸ್ತೆಯ ಆ ಕಡೆ ಈ ಕಡೆ ನೋಡಿದ. ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. "ಹಾಗಾದ್ರೆ ಸೊನ್ನೆ ಅಂತ ಹಾಕ್ಲಾ ಮೇಡಂ?" ಎಂದು ವಿನಯದಿಂದ ಕೇಳಿದ.

"ನಾನಿಲ್ವೇನ್ರೀ? ನನ್ನನ್ನಾದ್ರೂ ಹಾಕಿ."

"ನೀವು ಬೈಕಲ್ಲಿ ಹೋಗೋರಲ್ವಾ" ಎಂದು ಗಂಡನ ಕಡೆ ಪೆನ್ನು ತೋರಿಸಿದ. ಸೊನ್ನೆ ಹಾಕಿದ. ಇಂಥವನನ್ನು ದ್ವೇಷಿಸುವುದಕ್ಕೂ ಆಗುವುದಿಲ್ಲ. ಅವನು ಬರೀ ಪೆನ್ನು, ಕೈ ಬೇರೆಯವರದು.

ಬಜೆಟ್ ದಿನ ಸ್ಟಾಫ್ ರೂಮಿನಲ್ಲಿ ಮೊಬೈಲಿನಲ್ಲೇ ಭಾಷಣ ಕೇಳಿದೆವು. ಎಂದಿನಂತೆ ಒಂದು ಕವನದ ಸಾಲಿನಿಂದ ಶುರುವಾಯಿತು. ಕಷ್ಟಕಾಲದಲ್ಲೂ ಕೊರತೆಯನ್ನು ಹತೋಟಿಯಲ್ಲಿ ಇಟ್ಟಿದ್ದೇವೆ, ಜನರ ಮೇಲೆ ಹೊರೆ ಹಾಕಿಲ್ಲ, ಹೆಣ್ಣುಮಕ್ಕಳ ಉನ್ನತ ಶಿಕ್ಷಣಕ್ಕೆ ವಿಶೇಷ ಒತ್ತು. ನಮ್ಮ ವಾಣಿಜ್ಯ ವಿಭಾಗದ ಮೇಷ್ಟರು, "ಪರವಾಗಿಲ್ಲ ಕಣ್ರೀ, ಬ್ಯಾಲೆನ್ಸ್ ಮಾಡಿದಾರೆ" ಎಂದು ತಲೆದೂಗಿದರು. ಯಾರನ್ನು ತಕ್ಕಡಿಯಿಂದ ಇಳಿಸಿ ಬ್ಯಾಲೆನ್ಸ್ ಮಾಡಿದರು ಎಂದು ನಾನು ಕೇಳಿದೆ. ಅವರಿಗೆ ಟೀ ಬಂದಿತ್ತು.

ವಿಶೇಷ ಒತ್ತು ಕೊಟ್ಟ ಮೇಲೆ ಅದನ್ನು ಜನರಿಗೆ ತೋರಿಸದಿದ್ದರೆ ಹೇಗೆ? ಕೆಲವೇ ವಾರಗಳಲ್ಲಿ ಚಿಕ್ಕಮಗಳೂರಿನಲ್ಲಿ ಫಲಾನುಭವಿಗಳ ಸಮಾವೇಶ ಏರ್ಪಾಡಾಯಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಶಾಮಿಯಾನ, ಫ್ಲೆಕ್ಸು, ಊಟದ ಪೊಟ್ಟಣ. ಕುರ್ಚಿ ತುಂಬಿಸಲು ಹಳ್ಳಿಹಳ್ಳಿಗೂ ಬಸ್ಸು ಬಿಟ್ಟರು. ಜಾವಳಿಗೂ ಬಂತು. ಓಡಿಸಿದರೆ ನಷ್ಟ ಎಂದು ನಿಲ್ಲಿಸಿದ್ದ ಅದೇ ಬಸ್ಸು, ಅದೇ ಡ್ರೈವರು, ಮುಂದೆ ಮಾವಿನ ತೋರಣ ಬೇರೆ. ಆ ದಿನ ಬೆಳಿಗ್ಗೆ ನಮ್ಮ ಬೈಕನ್ನು ಹಿಂದೆ ಹಾಕಿ ಹೋದಾಗ ಕಿಟಕಿಯ ತುಂಬ ಹೆಂಗಸರ ತಲೆಗಳು ಕಂಡವು.

ಆ ದಿನ ನನಗೆ ಎರಡನೇ ಪೀರಿಯಡ್ ಇತ್ತು. ಆಯವ್ಯಯದ ಪಾಠ ಮಾಡುತ್ತಿದ್ದೆ. ಬಾಗಿಲಲ್ಲಿ, "ಒಳಗೆ ಬರ್ಲಾ ಮೇಡಂ?" ಎಂಬ ದನಿ ಕೇಳಿ ತಿರುಗಿದರೆ ಅವಳು. ತಲೆಗೆ ಮಲ್ಲಿಗೆ ಮುಡಿದು, ಹಬ್ಬದ ಚೂಡಿದಾರ ಹಾಕಿಕೊಂಡು, ಎದೆಗೆ ಸಮಾವೇಶದ ಬ್ಯಾಡ್ಜ್ ಚುಚ್ಚಿಕೊಂಡು ನಿಂತಿದ್ದಳು. ಬೆರಳ ತುದಿಗಳು ಕಾಫಿ ಹಣ್ಣು ಕೊಯ್ದು ಕಪ್ಪಾಗಿದ್ದವು. ಬಸ್ಸು ಮೂಡಿಗೆರೆ ಸ್ಟ್ಯಾಂಡಿನಲ್ಲಿ ಟೀಗೆ ನಿಂತಾಗ ಮೆಲ್ಲಗೆ ಇಳಿದು ನಡೆದು ಬಂದಿದ್ದಳು. ಚೀಲದಲ್ಲಿ ಊಟದ ಡಬ್ಬಿ ಇರಬೇಕೆಂದುಕೊಂಡೆ. ನೋಟ್‌ಬುಕ್ಕುಗಳಿದ್ದವು. ಹಳೆಯ ಜಾಗದಲ್ಲಿ ಕೂತು, ಪಕ್ಕದವಳದ್ದನ್ನು ನೋಡಿಕೊಂಡು ಗಬಗಬ ಬರೆದುಕೊಂಡಳು. ಕೊನೆಯಲ್ಲಿ ಕೈಯೆತ್ತಿದಳು.

"ಮೇಡಂ, ಇದು ಪರೀಕ್ಷೆಗೆ ಬರುತ್ತಾ?"

ಬರುತ್ತದೆ ಎಂದೆ. ಅವಳು ಆ ಪರೀಕ್ಷೆಗೆ ಕೂರಬಹುದೇ ಎಂಬುದು ಬೇರೆ ಮಾತು. ಹಾಜರಿ ಕಡಿಮೆ ಬಿದ್ದವರ ಪಟ್ಟಿಯಲ್ಲಿ ಅವಳ ಹೆಸರು ಆಗಲೇ ಏರಿತ್ತು, ಪ್ರಾಂಶುಪಾಲರ ಮುಂದೆ ನಾನು ಎರಡು ಸಲ ಜಗಳವಾಡಿ ಬಂದಿದ್ದೆ. ಅದನ್ನು ಆಗ ಹೇಳಲು ಮನಸ್ಸು ಬರಲಿಲ್ಲ. ಅವಳು ಆ ದಿನ ಕನ್ನಡದ ತರಗತಿಗೆ ಕೂತಳು, ಇತಿಹಾಸಕ್ಕೆ ಕೂತಳು, ತನ್ನ ವಿಷಯವಲ್ಲದ ಭೂಗೋಳಕ್ಕೂ ಕೂತಳಂತೆ.

ಸಂಜೆ ಅವಳ ಜೊತೆ ನಾನೂ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಹತ್ತಿಸಿಕೊಳ್ಳದಿದ್ದರೆ ಬಸ್ಸಿಗೆ ಅಡ್ಡ ಮಲಗುವುದೆಂದು ತೀರ್ಮಾನಿಸಿಯೇ ಹೋಗಿದ್ದೆ. ಸಮಾವೇಶ ಮುಗಿಸಿಕೊಂಡು ಬಸ್ಸು ಬಂತು. ಬಾಗಿಲಲ್ಲಿ ಅದೇ ಎಣಿಸುವ ಮನುಷ್ಯ. ಬೆಳಿಗ್ಗೆ ಹತ್ತಿದವರಲ್ಲಿ ಒಬ್ಬರು ಕಡಿಮೆ ಎಂದು ಮಧ್ಯಾಹ್ನದಿಂದ ಒದ್ದಾಡುತ್ತಿದ್ದನಂತೆ. ಊಟದ ಪೊಟ್ಟಣಕ್ಕೂ ತಲೆಗೂ ತಾಳೆಯಾಗಬೇಕು, ಇಲ್ಲದಿದ್ದರೆ ಮೇಲಿನವರು ಕೇಳುತ್ತಾರೆ. ಹುಡುಗಿಯ ಎದೆಯ ಮೇಲಿನ ಬ್ಯಾಡ್ಜ್ ನೋಡಿ ಅವನಿಗೆ ಹೋದ ಜೀವ ಬಂದಂತಾಯಿತು. "ಬಾರಮ್ಮ, ಬೇಗ ಹತ್ತು" ಎಂದು ಕೈಹಿಡಿದು ಹತ್ತಿಸಿ, ಉಳಿದಿದ್ದ ಪೊಟ್ಟಣವನ್ನು ಅವಳ ಕೈಗಿಟ್ಟು, ಕಾಗದದಲ್ಲಿ ಗುರುತು ಹಾಕಿಕೊಂಡ. ಲೆಕ್ಕ ಸರಿಯಾಯಿತು.

ಬಸ್ಸು ಹೊರಟಾಗ ಅವಳು ಏರದ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಪರೀಕ್ಷೆಯ ಪ್ರಶ್ನೆ ಕೇಳುವ ಅದೇ ದನಿ, ಅದರಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ.

"ಮೇಡಂ, ಮುಂದಿನ ಸಮಾವೇಶ ಯಾವತ್ತು ಅಂತ ಗೊತ್ತಾದ್ರೆ ಹೇಳ್ತೀರಾ? ಅಷ್ಟರಲ್ಲಿ ಇವತ್ತಿನ ನೋಟ್ಸೆಲ್ಲ ಓದ್ಕೊಂಡಿರ್ತೀನಿ."